ಬಣ್ಣವಿಲ್ಲದ ಚಿತ್ರದಲ್ಲಿ ಹಸಿರು ಸೀರೆ

“ಇನ್ನೊಮ್ಮೆ ಓಡಿಸು ಅಬೂಬಕರ್. ಕೊನೆಯ ರೀಲು ಮಾತ್ರ ಸಾಕು.”

ಕುಂಬ್ರದ ಡೇರೆಯೊಳಗೆ ವಕೀಲೆ ದಮಯಂತಿ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಹೊರಗೆ ಬೆಳಗಿನ ಬಿಸಿಲು ಚುರುಗುಟ್ಟುತ್ತಿತ್ತು, ಒಳಗೆ ಕತ್ತಲೆ. ಶಾಲೆಯ ಮಕ್ಕಳಿಗೆ ಹಗಲಿನಲ್ಲೇ ಆಟ ತೋರಿಸಬೇಕೆಂದು ಟಾಕೀಸಿನ ಯಜಮಾನ ಅದ್ರಾಮ ಡೇರೆಗೆ ಕಪ್ಪು ಬಟ್ಟೆಯ ಇನ್ನೊಂದು ಹೊದಿಕೆ ಹೊಲಿಸಿದ್ದ.

ಎಂಜಿನು ದಡದಡ ಎಂದಿತು. ಪರದೆಯ ಮೇಲೆ ಮತ್ತೆ ಅದೇ ಬಾವಿ, ಅದೇ ಹುಡುಗಿ. ತಲೆಕೂದಲು ಬಿಚ್ಚಿಕೊಂಡು ಬಾವಿಯಿಂದ ಮೇಲೆ ಬಂದಳು. ಅವಳನ್ನು ನೀರಿಗೆ ನೂಕಿದ ಜಮೀನ್ದಾರ ಬಾವಿಕಟ್ಟೆಯ ಮೇಲೆ ನಡುಗುತ್ತ ಕೂತಿದ್ದ. ಹುಡುಗಿ ಹತ್ತಿರ ಬಂದು ಅವನ ಕಣ್ಣೊರೆಸಿದಳು, ತಿರುಗಿ ನೋಡದೆ ಹೊರಟುಹೋದಳು. ಶುಭಂ.

ಒಂದು ವಾರದ ಹಿಂದೆ, ಇದೇ ಬೆಂಚಿನ ಮೇಲೆ, ಹನ್ನೊಂದು ವರ್ಷದ ಸೇವಂತಿ ಇದೇ ರೀಲನ್ನು ಒಬ್ಬಳೇ ಕೂತು ನೋಡಿದ್ದಳು. ಹೊರಗೆ ಬಂದವಳು ಆಮೇಲೆ ಬಾಯಿ ಬಿಟ್ಟಿರಲಿಲ್ಲ. ಆಗ ಡೇರೆಯೊಳಗಿದ್ದವನು ಮೆಷಿನ್ ಓಡಿಸುವ ಅಬೂಬಕರ್ ಒಬ್ಬನೇ. ಬೇರೆ ಯಾರೋ ಇದ್ದರೆಂದು ಸೋಮವಾರದೊಳಗೆ ತೋರಿಸದಿದ್ದರೆ ಪೊಲೀಸರು ಅವನನ್ನು ಹಿಡಿದುಕೊಂಡು ಹೋಗುವುದು ಖಂಡಿತವಾಗಿತ್ತು.

ದೀಪ ಹತ್ತಿತು. ಅದ್ರಾಮ ಬಾಗಿಲ ಬಟ್ಟೆ ಸರಿಸಿ ಒಳಗೆ ಬಂದ. ಕೈಯಲ್ಲಿ ಚಹಾದ ಗ್ಲಾಸು.

“ಅಕ್ಕಾ, ಇದನ್ನು ಕುಡಿಯಿರಿ. ಮೂರು ಸಲ ನೋಡಿದ್ರಿ. ಎಂತ ಉಂಟು ಅದರಲ್ಲಿ?”

“ಎಂತ ಇಲ್ಲ ಅಂತ ನೋಡ್ತಿದ್ದೇನೆ ಅದ್ರಾಮಣ್ಣ.” ದಮಯಂತಿ ಗ್ಲಾಸು ತೆಗೆದುಕೊಂಡಳು. “ಆವತ್ತು ಹೊರಗಿದ್ದವರಿಗೆಲ್ಲ ಒಂದು ಕಿರುಚಾಟ ಕೇಳಿಸಿತ್ತಲ್ಲ?”

“ಹೌದು. ನಾನೂ ಕೇಳಿದ್ದೇನೆ. ಹೊರಗೆ ಮೈಕಿನಲ್ಲಿ ಹಾಡು ಹಾಕಿತ್ತು, ಎಂಜಿನಿನ ಶಬ್ದ ಬೇರೆ. ಆದ್ರೂ ಕೇಳಿತು. ಮಕ್ಕಳೆಲ್ಲ ಹೋ ಅಂತ ಚಪ್ಪಾಳೆ ಹೊಡೆದ್ರು. ಚಿತ್ರದ್ದೇ ಅಂತ ನಾವು...”

“ಈ ರೀಲಿನಲ್ಲಿ ಯಾರೂ ಕಿರುಚುವುದಿಲ್ಲ.”

ಅದ್ರಾಮನ ಮುಖ ಸಣ್ಣದಾಯಿತು. ಈ ಚಿತ್ರವನ್ನು ಅವನು ಊರೂರು ತಿರುಗಿಸಿದ್ದ. ಕೊನೆಯ ರೀಲು ಬರುವ ಹೊತ್ತಿಗೆ ಮಾತ್ರ ಅವನು ಯಾವಾಗಲೂ ಹೊರಗೆ ಮುಂದಿನ ಆಟದ ಟಿಕೆಟು ಹರಿಯುತ್ತಿರುತ್ತಿದ್ದ.

ಅಬೂಬಕರ್ ಮೆಷಿನ್ನಿನ ಗೂಡಿನಿಂದ ಇಳಿದು ಬಂದ. ಅದ್ರಾಮನ ಮಗಳ ಗಂಡ, ಮಾತು ಕಡಿಮೆ. ಬೆರಳು ಪೂರ ಎಣ್ಣೆ.

“ಆವತ್ತು ನೀನು ಗೂಡಿನ ತೂತಿನಿಂದ ನೋಡ್ತಾ ಇರ್ಲಿಲ್ವಾ?” ಎಂದು ದಮಯಂತಿ ಕೇಳಿದಳು.

“ಇಲ್ಲ ಅಕ್ಕಾ. ನಮ್ಮದು ಒಂದೇ ಮೆಷಿನ್. ಕೊನೆಯ ರೀಲು ಓಡುವಾಗ ಮುಂಚಿನದ್ದನ್ನು ಹಿಂದಕ್ಕೆ ಸುತ್ತಬೇಕು, ಇಲ್ಲದಿದ್ದರೆ ಮುಂದಿನ ಆಟಕ್ಕೆ ತಡ. ನಾನು ಬೆನ್ನು ಹಾಕಿ ಸುತ್ತುತ್ತಾ ಇದ್ದೆ. ಗೂಡಿನೊಳಗೆ ಮೆಷಿನ್ನಿನ ಶಬ್ದ ಬಿಟ್ಟು ಬೇರೆ ಎಂತದೂ ಕೇಳುದಿಲ್ಲ.” ಅವನು ತಲೆ ತಗ್ಗಿಸಿದ. “ಒಳಗೆ ಒಂದು ಮಗು ಒಂಟಿಯಾಗಿ ಕೂತಿದೆ ಅಂತ ಗೊತ್ತಿತ್ತು. ಒಂದು ಸಲ ತಿರುಗಿ ನೋಡ್ಲಿಕ್ಕೆ ನನಗೆ ಎಂತ ದಾಡಿ?”

“ಸುಮ್ಮನಿರಾ,” ಎಂದ ಅದ್ರಾಮ. “ತಿರುಗಿ ನೋಡದ್ದು ನೀನು. ಡೇರೆ ಕೊಟ್ಟದ್ದು ನಾನು. ಹೇಳು, ದೊಡ್ಡ ತಪ್ಪು ಯಾರದ್ದು?”

ಮಾವ ಅಳಿಯನ ಭುಜದ ಮೇಲಿದ್ದ ಬಟ್ಟೆಯನ್ನು ತೆಗೆದು ಅವನ ಕೈಯೊರೆಸಿದ. ಸಣ್ಣ ಮಕ್ಕಳಿಗೆ ಒರೆಸುವ ಹಾಗೆ, ಒಂದೊಂದೇ ಬೆರಳು.

ದಮಯಂತಿ ಆ ಕಡೆ ನೋಡದೆ ಚಹಾ ಕುಡಿದಳು.

*

ಚಿತ್ರ ತೆಗೆದವರ ಕಡೆಯಿಂದ ಪ್ರಚಾರಕ್ಕೆ ಬಂದ ವೆಂಕಟ್ರಮಣ ಡೇರೆಯ ಹಿಂದೆ ಹಲಸಿನ ಮರದ ನೆರಳಿನಲ್ಲಿ ಕೂತಿದ್ದ. ಅವನ ಪಕ್ಕದಲ್ಲಿ ಗುಲಾಬಿ ಕಾಗದದ ನೋಟೀಸುಗಳ ಕಟ್ಟು, ಬಿಚ್ಚದೆ ಹಾಗೆಯೇ ಇತ್ತು.

‘ಬಾವಿಕಟ್ಟೆಯ ನೆರಳು! ಮಕ್ಕಳಿಗಾಗಿಯೇ ತಯಾರಾದ ಭಯಾನಕ ಚಿತ್ರ! ಎದೆಗಾರಿಕೆ ಉಂಟೇ? ಕೊನೆಯ ರೀಲನ್ನು ಒಬ್ಬರೇ ಕೂತು ನೋಡಿ, ಹೊಸ ಕೊಡೆಯೂ ಶಾಲೆಯ ಚೀಲವೂ ಬಹುಮಾನ!’

“ಈ ಅಕ್ಷರ ನಾನೇ ಬರೆದದ್ದು,” ಎಂದ ಅವನು ಕೇಳುವ ಮೊದಲೇ. “ಬರೆಯುವಾಗ ಎಷ್ಟು ಖುಷಿಯಾಗಿತ್ತು ಗೊತ್ತುಂಟಾ ನಿಮಗೆ? ಈಗ ಕಣ್ಣೆತ್ತಿ ನೋಡ್ಲಿಕ್ಕೆ ಆಗುದಿಲ್ಲ.”

“ಆವತ್ತು ಸೇವಂತಿ ಹೊರಗೆ ಬಂದಾಗ ನೀವು ಎಂತ ಮಾಡಿದ್ರಿ?”

“ಎತ್ತಿ ಹೆಗಲ ಮೇಲೆ ಕೂರಿಸಿದೆ. ಜನರಿಗೆ ತೋರಿಸ್ಬೇಕಲ್ಲ! ಕೊಡೆ ಬಿಡಿಸಿ ಅವಳ ಕೈಯಲ್ಲಿ ಕೊಟ್ಟೆ. ಅವಳ ಕಾಲು ನಡುಗುತ್ತಾ ಇತ್ತು, ನನ್ನ ಕುತ್ತಿಗೆಗೆ ಗೊತ್ತಾಗ್ತಿತ್ತು. ಆದ್ರೂ ಒಂದು ಸುತ್ತು ಬಂದೆ.” ಅವನು ಕೈಯಿಂದ ಕುತ್ತಿಗೆ ಮುಟ್ಟಿಕೊಂಡ. “ಆಗ ಅವಳು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ್ದು, ‘ಹಸಿರು ಸೀರೆ’ ಅಂತ. ಅಷ್ಟೇ.”

“ಅದನ್ನು ಪೊಲೀಸರಿಗೆ ಹೇಳ್ಲಿಲ್ಲ.”

“ಯಾರು ನಂಬ್ತಾರೆ ಮಾರಾಯ್ರೆ? ಕಪ್ಪು ಬಿಳುಪಿನ ಚಿತ್ರ. ಅದರಲ್ಲಿ ಹಸಿರು ಎಲ್ಲಿಂದ ಬರುದು? ಹೆದರಿಕೆಗೆ ಮಗು ಏನೋ ಬಡಬಡಿಸಿತು ಅಂದ್ಕೊಂಡೆ.”

“ಚಿತ್ರದಲ್ಲಿ ಹಸಿರಿಲ್ಲ, ಸರಿ. ಆದರೆ ಪರದೆಯ ಎದುರು ಯಾರಾದರೂ ಬಂದು ನಿಂತರೆ?”

ವೆಂಕಟ್ರಮಣ ನೋಟೀಸಿನ ಕಟ್ಟಿನ ಹುರಿಯನ್ನು ಬೆರಳಿಗೆ ಸುತ್ತತೊಡಗಿದ. ದಮಯಂತಿ ಕಾದಳು. ಕೋರ್ಟಿನಲ್ಲಿ ಅವಳು ಕಲಿತ ದೊಡ್ಡ ವಿದ್ಯೆ ಅದು. ಗದರುವುದಕ್ಕಿಂತ ಕಾಯುವುದಕ್ಕೆ ಜನ ಬೇಗ ಸೋಲುತ್ತಾರೆ.

“ಚನಿಯಪ್ಪನಿಗೆ ನಾನು ಹೇಳಿದ್ದು ಬಿಳಿ ಸೀರೆ,” ಎಂದ ಕೊನೆಗೆ.

“ಯಾವ ಚನಿಯಪ್ಪ?”

“ರಾಮಕುಂಜದವ. ಯಕ್ಷಗಾನದ ಆಟದಲ್ಲಿ ಸ್ತ್ರೀವೇಷ ಹಾಕ್ತಾನೆ. ಕೊನೆಯ ರೀಲಿನಲ್ಲಿ ದೆವ್ವ ಬಾವಿಯಿಂದ ಏಳುವಾಗ ಪರದೆಯ ಬದಿಯಿಂದ ಬಂದು ಒಮ್ಮೆ ನಿಂತು ಹೋಗ್ಬೇಕು ಅಂತ ಮಾತಾಗಿತ್ತು. ಒಂದು ಮಗು ನಿಜವಾಗಿ ಕಿರುಚಿದ್ರೆ ಸಾಕು, ಕಡಬದವರೆಗೆ ಸುದ್ದಿ ಓಡ್ತದೆ, ಮರುದಿನ ಡೇರೆ ಭರ್ತಿ.” ಅವನ ಸ್ವರ ಇಳಿಯಿತು. “ಕಿರುಚಿದ್ದು ಕೇಳಿದಾಗ ನನಗೆ ಸಂತೋಷ ಆಯ್ತು ಅಕ್ಕಾ. ಚನಿಯಪ್ಪ ಕೆಲಸ ಮಾಡಿದ ಅಂದ್ಕೊಂಡೆ. ಮರುದಿನ ಬೆಳಿಗ್ಗೆ ಅವನು ಬಂದು ನನ್ನ ಕಾಲು ಹಿಡಿದ. ಮಗಳ ಹೆರಿಗೆ ಅಂತ ಮನೆ ಬಿಟ್ಟೇ ಹೊರಟಿರ್ಲಿಲ್ಲವಂತೆ.”

“ಸುಳ್ಳಿರಬಹುದಲ್ಲ?”

“ಸೂಲಗಿತ್ತಿಯನ್ನು ಕರ್ಕೊಂಡು ಬಂದದ್ದೇ ಅವನು. ಊರಿನವರೆಲ್ಲ ಕಂಡಿದ್ದಾರೆ. ಬಿಳಿ ಸೀರೆ ಮಡಿಸಿದ ಹಾಗೆಯೇ ತಂದು ಕೊಟ್ಟ.”

ಅಂದರೆ ಬರಬೇಕಾಗಿದ್ದವನು ಬರಲಿಲ್ಲ. ಬಂದವಳು ಯಾರೋ ಬೇರೆ.

ದಮಯಂತಿ ಎದ್ದು ಸೆರಗು ಕೊಡವಿಕೊಂಡಳು. ಮತ್ತೆ ಏನೋ ನೆನಪಾಗಿ ನಿಂತಳು. “ಇದೆಂಥ ದೆವ್ವದ ಚಿತ್ರ ವೆಂಕಟ್ರಮಣಯ್ಯ? ಕೊನೆಗೆ ದೆವ್ವವೇ ಕಣ್ಣೊರೆಸುದು. ಮಕ್ಕಳಿಗೆ ಹೆದರಿಕೆ ಹುಟ್ಟಿಸಲಿಕ್ಕೆ ಹೊರಟವರು ಹೀಗೆ ಮುಗಿಸ್ತಾರಾ?”

ಅವನಿಗೆ ಅಷ್ಟು ದಿನದಲ್ಲಿ ಮೊದಲ ಬಾರಿ ಸ್ವಲ್ಪ ನಗು ಬಂತು.

“ಅದೊಂದು ಕರ್ಮಕತೆ! ಮೊದಲು ಹಾಗಿರ್ಲಿಲ್ಲ. ದೆವ್ವ ಅವನನ್ನು ಬಾವಿಗೆ ಎಳ್ಕೊಂಡು ಹೋಗುದು ಅಂತಿತ್ತು. ಅರ್ಧ ತೆಗೆಯುವಾಗ ದುಡ್ಡು ಮುಗಿಯಿತು. ಮಂಗಳೂರಿನಲ್ಲಿ ಕೇಳಿದೆವು, ಮದರಾಸಿನಲ್ಲಿ ಕೇಳಿದೆವು, ಮಕ್ಕಳ ಚಿತ್ರಕ್ಕೆ ಯಾರು ಹಾಕ್ತಾರೆ? ಕೊನೆಗೆ ಕೈ ಹಿಡಿದವರು ಸುಳ್ಯದ ಮಾಯಿಲಪ್ಪ ಗೌಡರು. ಸಿನೆಮಾ ಅಂದ್ರೆ ಮೂಗು ಮುರಿಯುವ ಮನುಷ್ಯ! ಕತೆ ಪೂರ್ತಿ ಕೇಳಿದ್ರು. ಒಂದೇ ಶರ್ತ ಹಾಕಿದ್ರು. ‘ಹುಡುಗಿ ಅವನನ್ನು ಕ್ಷಮಿಸ್ಬೇಕು. ಹಾಗಾದ್ರೆ ಕೊಡ್ತೇನೆ.’”

“ಕಾರಣ?”

“ಮಕ್ಕಳು ನೋಡುವ ಚಿತ್ರ, ಒಳ್ಳೆಯದರಲ್ಲಿ ಮುಗಿಯಲಿ ಅಂದ್ರು. ದೊಡ್ಡ ಮನಸ್ಸು ಅಂದ್ಕೊಂಡೆವು. ಚಿತ್ರ ಹಂಚುವವರು ಮಾತ್ರ ನಕ್ಕು ರೀಲಿನ ಡಬ್ಬ ವಾಪಸು ಕಳಿಸಿದ್ರು. ‘ನಿಮ್ಮ ದೆವ್ವ ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟರೆ ಅವನಿಗೆ ಮಜ್ಜಿಗೆ ಕಲಸಿ ಕೊಡ್ತದೆ’ ಅಂತ ಒಬ್ಬ. ಯಾವ ದೊಡ್ಡ ಟಾಕೀಸೂ ಹಾಕ್ಲಿಲ್ಲ. ಹಾಗಾಗಿಯೇ ಡೇರೆ, ಶಾಲೆ, ಅರ್ಧ ಟಿಕೆಟು, ಕೊಡೆ, ಚೀಲ, ಈ ಎಲ್ಲ ವೇಷ.”

ಅಬೂಬಕರನ ಮೇಲೆ ದೂರು ಬರೆದು ಕೊಟ್ಟವರೂ ಅದೇ ಮಾಯಿಲಪ್ಪ ಗೌಡರೇ. ತಾನು ದುಡ್ಡು ಹಾಕಿದ ಚಿತ್ರಕ್ಕೆ ಡೇರೆಯವರ ಬೇಜವಾಬ್ದಾರಿಯಿಂದ ಕೆಟ್ಟ ಹೆಸರು ಬಂತೆಂದು. ಅದರಲ್ಲಿ ವಿಚಿತ್ರವೇನೂ ಇಲ್ಲವೆಂದು ದಮಯಂತಿಗೆ ಈವರೆಗೆ ಅನಿಸಿತ್ತು.

*

ಸೇವಂತಿಯ ಮನೆ ಕುಂಬ್ರದಿಂದ ಗುಡ್ಡೆ ಇಳಿದರೆ ಸಿಗುವ ಹುಲ್ಲಿನ ಮನೆ. ತಂದೆ ಇಲ್ಲ. ತಾಯಿ ಪೂವಕ್ಕ ಅಂಗಳದಲ್ಲಿ ಭತ್ತ ಬಡಿಯುತ್ತಿದ್ದವಳು ಇವಳನ್ನು ಕಂಡು ಕೈ ತೊಳೆದುಕೊಂಡಳು.

ಮಗು ಜಗಲಿಯ ಮೂಲೆಯಲ್ಲಿ ಕೂತಿತ್ತು. ಬೀಡಿಯ ಎಲೆ ಕತ್ತರಿಸಿ ಕತ್ತರಿಸಿ ಸಾಲಾಗಿ ಇಡುತ್ತಿತ್ತು. ದಮಯಂತಿಯನ್ನು ನೋಡಿ ಸ್ವಲ್ಪ ಸರಿದು ಚಾಪೆಯಲ್ಲಿ ಜಾಗ ಮಾಡಿಕೊಟ್ಟಿತು. ಮಾತು ಹೋಗಿದ್ದರೂ ಮರ್ಯಾದೆ ಹೋಗಿರಲಿಲ್ಲ.

ಮಾಡಿನ ಕೆಳಗೆ ಹೊಸ ಕೊಡೆ ನೇತಾಡುತ್ತಿತ್ತು. ಅದರ ಪಕ್ಕದಲ್ಲಿ ಮಳೆಗೆ ಬೆನ್ನ ಮೇಲೆ ಹೊದೆಯುವ ಹಳೆಯ ಓಲೆಯ ಗೊರಬು.

“ಕೊಡೆಯನ್ನು ಬಿಸಾಡುವ ಅಂತ ಎಷ್ಟು ಸಲ ಕೈ ಹಾಕಿದೆ,” ಎಂದಳು ಪೂವಕ್ಕ. “ಅವಳೇ ಬಿಡುದಿಲ್ಲ. ಎಲ್ಲ ನನ್ನ ಪಾಪ. ‘ಅಮ್ಮಾ, ಗೊರಬು ಹಾಕಿದ್ರೆ ಶಾಲೆಯಲ್ಲಿ ಆಮೆ ಅಂತಾರೆ, ಕೊಡೆ ಸಿಗ್ತದೆ, ಹೋಗ್ಲಾ?’ ಅಂತ ಕೇಳಿದ್ಲು. ಹೋಗು ಅಂದೆ. ನಾನು ಜೊತೆಗೆ ಹೋಗ್ಬಹುದಿತ್ತಲ್ಲ? ಭತ್ತ ಉಂಟು ಅಂತ ಕೂತೆ.”

ಒಳಗಿನಿಂದ ಅವಳು ಬೆಲ್ಲವೂ ನೀರೂ ತಂದಿಟ್ಟಳು. ಜೊತೆಗೆ ಒಂದು ತಟ್ಟೆಯಲ್ಲಿ ಅಕ್ಕಿರೊಟ್ಟಿಯಂಥ ಪತ್ತಿರಿ.

“ಇದು ಅಬೂಬಕರನ ಹೆಂಡತಿ ರುಖಿಯಮ್ಮ ಕಳಿಸಿದ್ದು. ದಿನಾ ಕಳಿಸ್ತಾಳೆ. ಅವಳ ಗಂಡನನ್ನು ಹಿಡಿಸ್ಲಿಕ್ಕೆ ಹೊರಟದ್ದು ನನ್ನ ಮಗಳ ಹೆಸರಿನಲ್ಲಿ. ಆದ್ರೂ ಕಳಿಸ್ತಾಳೆ. ಹೇಗೆ ಗಂಟಲಿಗೆ ಇಳಿಸುದು ನೀವೇ ಹೇಳಿ.”

“ಪೂವಕ್ಕ, ಹಸಿರು ಸೀರೆ ಉಟ್ಟವರು ಯಾರಾದರೂ ಸೇವಂತಿಗೆ ಗೊತ್ತಿದ್ದವರು ಇದ್ದಾರಾ?”

ತಾಯಿಯ ಕೈ ತಟ್ಟೆಯ ಮೇಲೆಯೇ ನಿಂತಿತು.

ಸೇವಂತಿ ಎಲೆ ಕತ್ತರಿಸುವುದನ್ನು ನಿಲ್ಲಿಸಿದಳು. ತಲೆ ಎತ್ತಲಿಲ್ಲ. ಕತ್ತರಿ ಬಾಯಿ ತೆರೆದ ಹಾಗೆಯೇ ಇತ್ತು.

“ಹೇಗಿನ ಹಸಿರು?” ಎಂದು ಪೂವಕ್ಕ ಮೆಲ್ಲನೆ ಕೇಳಿದಳು.

“ಗೊತ್ತಿಲ್ಲ. ಅವಳು ಹೇಳಿದ್ದು ಅಷ್ಟೇ.”

ಪೂವಕ್ಕ ದಮಯಂತಿಯನ್ನು ಅಂಗಳದ ಆಚೆ ತುಳಸಿಯ ಹತ್ತಿರ ಕರೆದುಕೊಂಡು ಹೋದಳು. ಮಗುವಿಗೆ ಕೇಳಿಸದ ಹಾಗೆ ಮಾತಾಡಿದಳು.

“ನಮ್ಮ ಮನೆಯಲ್ಲಿ ನಾನು ಹಸಿರು ಸೀರೆ ಅಂತ ತಂದದ್ದು ಒಂದೇ. ಕೆಂಪು ಅಂಚು. ಪುತ್ತೂರಿನಿಂದ. ಅದು ನನ್ನ ದೊಡ್ಡ ಮಗಳ ಮದುವೆಗೆ.”

“ದೊಡ್ಡ ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ?”

“ಅವಳು ಇಲ್ಲ ಅಕ್ಕಾ. ಭಾಗೀರಥಿ ಅಂತ. ಸಣ್ಣವಳಿರುವಾಗ ಆಟಿ ತಿಂಗಳ ನೆರೆಯಲ್ಲಿ ತೋಡಿಗೆ ಹಾಕಿದ ಮರದ ಸಂಕದಿಂದ ನೀರಿಗೆ ಜಾರಿದ್ದು. ಒಬ್ಬಳೇ ದಾಟುತ್ತಿದ್ಲಂತೆ. ಇವಳಿಗೆ ಆಗ ಹಾಲು ಕುಡಿಯುವ ಪ್ರಾಯ.”

ಮದುವೆಯಾಗದೆ ಸತ್ತ ಮಕ್ಕಳಿಗೆ ಮದುವೆಯ ಪ್ರಾಯ ಬರುವ ಹೊತ್ತಿಗೆ, ಹಾಗೆಯೇ ಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಿ ಮದುವೆ ಮಾಡಿಸುವುದನ್ನು ದಮಯಂತಿಯೂ ಬಲ್ಲಳು. ಕುಲೆ ಮದುವೆ, ಸತ್ತವರ ಮದುವೆ. ನಿಶ್ಚಯ, ದಿಬ್ಬಣ, ಸೀರೆ, ಕರಿಮಣಿ, ಊಟ, ಯಾವುದೂ ಬಿಡುವ ಹಾಗಿಲ್ಲ. ಬದುಕಿದ್ದವರ ಮದುವೆಯಂತೆಯೇ ತಾಯಿ ಅತ್ತು ಕಳಿಸಿಕೊಡುತ್ತಾಳೆ.

“ಕಳೆದ ಆಟಿಯಲ್ಲಿ ಮಾಡಿದ್ದು,” ಎಂದಳು ಪೂವಕ್ಕ. “ನಾವು ಹುಡುಕಿದ್ದಲ್ಲ. ಅವರೇ ಬಂದ್ರು. ಅಷ್ಟು ದೊಡ್ಡ ಮನೆಯವರು, ನಮ್ಮ ಹುಲ್ಲಿನ ಮನೆಗೆ! ಅವರ ಮಗ ಜ್ವರದಲ್ಲಿ ಹೋದದ್ದಂತೆ. ಬಳಿ ಗೋತ್ರ ನೋಡಿದೆವು, ಕೂಡಿ ಬಂತು. ಸೀರೆ ಹುಡುಗಿಯ ಜೊತೆಗೆ ಗಂಡಿನ ಮನೆಗೆ ಹೋಯ್ತು. ಅದನ್ನು ಮಡಿಸಿ ಹರಿವಾಣದಲ್ಲಿಟ್ಟದ್ದು ಇದೇ ಸೇವಂತಿ. ಅಕ್ಕನದ್ದು ಅಂತ ಕೆನ್ನೆಗೆ ಒತ್ತಿ ನೋಡಿದ್ಲು.”

“ಗಂಡಿನ ಮನೆ ಯಾವುದು?”

“ಸುಳ್ಯದ ಮಾಯಿಲಪ್ಪ ಗೌಡರದ್ದು.”

*

ಸುಳ್ಯಕ್ಕೆ ಹೋಗುವ ಬಸ್ಸು ಹೊರಟಾಗಿತ್ತು. ಗುಡ್ಡೆಯಿಂದ ಓಡಿ ಬರುತ್ತಿದ್ದ ದಮಯಂತಿಯನ್ನು ಕಂಡ ಕಂಡಕ್ಟರು ಸೀಟಿ ಊದಿ ನಿಲ್ಲಿಸಿದ, “ನಿಧಾನ ಬನ್ನಿ ಅಕ್ಕಾ, ಸುಳ್ಯ ಎಲ್ಲಿಗೂ ಓಡಿ ಹೋಗುದಿಲ್ಲ” ಎಂದ. ಅವಳು ನಗಲು ಪ್ರಯತ್ನಿಸಿದಳು. ಆಗಲಿಲ್ಲ.

ಮಾಯಿಲಪ್ಪ ಗೌಡರ ಮನೆಯ ಚಾವಡಿಯಲ್ಲಿ ಗಂಡಸರು ಯಾರೂ ಇರಲಿಲ್ಲ. ಅವರ ಹೆಂಡತಿ ದುಗ್ಗಮ್ಮ ಹೊರಗೆ ಬಂದಳು. ದೊಡ್ಡ ಹಣೆ, ಮೃದುವಾದ ಮುಖ. ನಿದ್ದೆಗೆಟ್ಟ ಕಣ್ಣು. ಬಂದವರು ಯಾರೆಂದು ಕೇಳುವ ಮೊದಲು ಕಾಲಿಗೆ ನೀರು ಕೊಟ್ಟಳು.

“ನಾನು ಅದ್ರಾಮನ ಕಡೆಯ ವಕೀಲೆ,” ಎಂದಳು ದಮಯಂತಿ. “ನಿಮ್ಮ ಸೊಸೆಯ ಸೀರೆಯನ್ನು ಒಮ್ಮೆ ನೋಡಬೇಕಿತ್ತು.”

ದುಗ್ಗಮ್ಮ ಖಾಲಿ ಚೆಂಬನ್ನು ಮೆಟ್ಟಿಲಿನ ಮೇಲೆ ಇಟ್ಟಳು.

“ಒಳಗೆ ಬನ್ನಿ.”

ದುಗ್ಗಮ್ಮ ಸೀರೆ ತರಲು ಹೋಗಲಿಲ್ಲ. ಕಂಬಕ್ಕೆ ಒರಗಿ ಕೂತಳು. ದಮಯಂತಿ ಎದುರಿಗೆ ಕೂತಳು. ಒಳಗೆಲ್ಲೋ ಬೀಸುವ ಕಲ್ಲಿನ ಶಬ್ದ ಬರುತ್ತಿತ್ತು.

“ಎಷ್ಟು ಹೊತ್ತಿಗೆ ಯಾರಾದ್ರೂ ಬರ್ತಾರೆ ಅಂತ ದಾರಿ ನೋಡ್ತಿದ್ದೆ,” ಎಂದಳು ದುಗ್ಗಮ್ಮ. “ಬರದಿದ್ರೆ ನಾನೇ ಸಾಯ್ತಿದ್ದೆನೋ ಏನೋ. ಡೇರೆಯೊಳಗೆ ಹೋದದ್ದು ನಾನು.”

“ಸೀರೆ ಉಟ್ಟುಕೊಂಡು?”

“ಆವತ್ತು ಪೂವಕ್ಕನ ಮನೆಗೆ ಅಂತ ಹೊರಟದ್ದು. ಮದುವೆ ಆದ ಮೇಲೆ ಹುಡುಗಿ ಒಂದು ಸಲವಾದ್ರೂ ತವರಿಗೆ ಹೋಗ್ಬೇಕಲ್ಲ? ನಮ್ಮ ಸೊಸೆ ಹೇಗೆ ಹೋಗ್ತಾಳೆ? ಅವಳ ಸೀರೆ ನಾನು ಉಟ್ಟು ಹೋದ್ರೆ ಅವಳೇ ಹೋದ ಹಾಗೆ ಅಂತ ನನಗೆ ಅನಿಸಿತು. ಯಾರೂ ಹೇಳಿಕೊಟ್ಟದ್ದಲ್ಲ. ನನ್ನದೇ ಮರುಳು. ಆ ತಾಯಿ ಸೀರೆಯನ್ನು ಒಮ್ಮೆ ಮುಟ್ಟಿ ನೋಡ್ಲಿ ಅಂತ.”

“ಆಮೇಲೆ?” ಎಂದಳು ದಮಯಂತಿ.

“ಕುಂಬ್ರದಲ್ಲಿ ಇಳಿದೆ. ಡೇರೆಯ ಎದುರು ಜನ. ಒಂಟಿಯಾಗಿ ಕೂರುವುದು ಯಾರು ಅಂತ ಎತ್ತಿದ ಚೀಟಿಯಲ್ಲಿ ಸೇವಂತಿಯ ಹೆಸರು ಬಂದಿದೆ, ಅವಳು ಒಬ್ಬಳೇ ಒಳಗಿದ್ದಾಳೆ ಅಂತ ಮಕ್ಕಳು ಕುಣಿತಿದ್ರು. ಸೊಸೆಯ ತಂಗಿ ಅಂದ್ರೆ ನನ್ನ ಮಗು ಅಲ್ವಾ? ಕತ್ತಲೆಯಲ್ಲಿ ಒಂಟಿಯಾಗಿ ಯಾಕೆ ಕೂರಿಸ್ಬೇಕು? ಮುಂದಿನ ಬಾಗಿಲಿನಿಂದ ಬಿಡುದಿಲ್ಲ. ಹಿಂದಿನಿಂದ ಹೋದೆ. ಬಟ್ಟೆ ಎತ್ತಿ ನುಗ್ಗಿದೆ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳುವ ಅಂತ, ಅಷ್ಟೇ.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನುಗ್ಗಿದ್ದು ಪರದೆಯ ಬದಿಯಲ್ಲಿ ಅಂತ ನನಗೆಲ್ಲಿ ಗೊತ್ತು? ನಾನು ಅದಕ್ಕೆ ಮುಂಚೆ ಸಿನೆಮಾ ಕಂಡವಳೇ ಅಲ್ಲ. ಇದ್ದಕ್ಕಿದ್ದ ಹಾಗೆ ಮುಖಕ್ಕೆಲ್ಲ ಬೆಳಕು. ಕಣ್ಣು ಕುಕ್ಕಿತು. ಸೆರಗನ್ನು ತಲೆಯ ಮೇಲೆ ಎಳ್ಕೊಂಡೆ.”

ದಮಯಂತಿ ಅದನ್ನು ಕಣ್ಣಮುಂದೆ ತಂದುಕೊಂಡಳು. ಪರದೆಯ ಮೇಲೆ ಬಾವಿಯಿಂದ ಏಳುವ ಸತ್ತ ಹುಡುಗಿ. ಅದೇ ಬೆಳಕಿನೊಳಗೆ, ಮುಖ ಮುಚ್ಚಿದ ಒಂದು ಆಕೃತಿ. ತಾನೇ ಮಡಿಸಿ ಅಕ್ಕನಿಗೆ ಕಳಿಸಿಕೊಟ್ಟ ಸೀರೆ.

“ಮಗು ಕಿರುಚಿತು,” ಎಂದಳು ಮೆಲ್ಲನೆ. “ನೀವು ಓಡಿಹೋದಿರಿ. ದುಗ್ಗಮ್ಮ, ಇದು ಅಪರಾಧ ಅಲ್ಲ. ನೀವು ಬಂದು ಇಷ್ಟನ್ನೇ ಹೇಳಿದ್ದರೆ ಅಬೂಬಕರ್ ಉಳಿಯುತ್ತಿದ್ದ. ಒಂದು ವಾರ ಆ ಮನೆಯವರು ಅನ್ನ ಉಂಡಿಲ್ಲ. ನಿಮ್ಮ ಗಂಡ ಅವನ ಮೇಲೆ ದೂರು ಕೊಟ್ಟರು. ನೀವು ಒಳಗೆ ಕೂತು ನೋಡಿದ್ರಿ.”

“ನೋಡಿದೆ.”

“ಯಾಕೆ?”

ದುಗ್ಗಮ್ಮ ಒಳಗಿನ ಬಾಗಿಲ ಕಡೆ ತಿರುಗಿ ನೋಡಿದಳು.

“ಮರ್ಯಾದೆಗೆ ಹೆದರಿದ್ರಾ? ಗೌಡರ ಹೆಂಡತಿ ಡೇರೆಗೆ ನುಗ್ಗಿದಳು ಅಂತ ಜನ ಆಡಿಕೊಳ್ತಾರೆ ಅಂತಲಾ?” ದಮಯಂತಿಯ ಸ್ವರ ತನಗೆ ತಿಳಿಯದೆ ಏರಿತು. “ಅವನಿಗೂ ಹೆಂಡತಿ ಇದ್ದಾಳೆ. ದಿನಾ ನಿಮ್ಮ ಸೊಸೆಯ ತಂಗಿಗೆ ತಿಂಡಿ ಮಾಡಿ ಕಳಿಸ್ತಾಳೆ. ನಿಮಗೆ ಮನಸ್ಸು ಅಂತ ಒಂದು ಉಂಟಲ್ಲ?”

“ಸಾಕು,” ಎಂದಳು ದುಗ್ಗಮ್ಮ. “ಬೈಯಿರಿ, ನನಗೆ ಬೇಕಾದದ್ದೇ. ಆದ್ರೆ ಒಂದು ನೀವು ತಪ್ಪು ಹೇಳಿದ್ರಿ.”

“ಯಾವುದು?”

“ಮಗು ಕಿರುಚಲಿಲ್ಲ.”

ಬೀಸುವ ಕಲ್ಲು ನಿಂತಿತ್ತು.

“ಸೇವಂತಿ ನನ್ನನ್ನು ಕಂಡು ಎದ್ದು ನಿಂತ್ಲು, ಅಷ್ಟೇ. ಹೆದರಿದ ಹಾಗೂ ಕಾಣ್ಲಿಲ್ಲ. ಕೈ ಮುಂದೆ ಚಾಚಿದ್ಲು, ಹತ್ತಿರ ಬಾ ಅನ್ನುವ ಹಾಗೆ. ಕಿರುಚಿದ್ದು ಅವಳ ಪಕ್ಕದಲ್ಲಿ ಕೂತಿದ್ದವರು.”

“ಪಕ್ಕದಲ್ಲಿ?” ದಮಯಂತಿ ಮುಂದೆ ಬಾಗಿದಳು. “ಬೆಂಚಿನಲ್ಲಿ ಇನ್ನೊಬ್ಬರಿದ್ದರಾ?”

“ಗಂಡಸು. ಮುಖ ಕಾಣ್ಲಿಲ್ಲ, ನನ್ನ ಕಣ್ಣಿಗೆ ಬೆಳಕು ಹೊಡೆದಿತ್ತು. ಬೆಂಚಿನಿಂದ ಕೆಳಗೆ ಬಿದ್ದದ್ದು ಗೊತ್ತಾಯ್ತು. ಮಂಡಿ ಊರಿ ಕೈ ಮುಗಿದು ಕೂಗಿದ್ರು. ‘ಭಾಗೀರಥೀ, ನಿನ್ನ ಕೈ ನಾನು ಬೇಕೆಂದು ಬಿಟ್ಟದ್ದಲ್ಲ! ನೀರು ಬಂತು, ನನಗೆ ಹೆದರಿಕೆ ಆಯ್ತು, ಬಿಟ್ಟೆ!’”

ಒಬ್ಬಳೇ ಸಂಕ ದಾಟುತ್ತಿದ್ದಳಂತೆ ಎಂದಿದ್ದಳು ಪೂವಕ್ಕ. ಒಬ್ಬಳೇ ಅಲ್ಲ. ಯಾರೋ ಕೈ ಹಿಡಿದಿದ್ದರು, ಮತ್ತೆ ಬಿಟ್ಟಿದ್ದರು, ಮತ್ತೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಬದುಕಿದ್ದರು. ಸೇವಂತಿ ಹೆದರಿ ಮೂಕಿಯಾದದ್ದಲ್ಲ. ಅಕ್ಕ ಹೇಗೆ ಸತ್ತಳೆಂದು ಆ ಮಗು ಕೇಳಿಸಿಕೊಂಡಿತ್ತು. ಅದನ್ನು ಯಾರಿಗೆ ಹೇಳಬೇಕೆಂದು ಗೊತ್ತಾಗದೆ ಬಾಯಿ ಬಿಗಿದಿತ್ತು.

“ಆ ಸೀರೆ ಕಂಡ ಕೂಡಲೇ ಭಾಗೀರಥಿ ಅಂತ ಗುರುತು ಹಿಡಿಯಬೇಕಾದರೆ ಮದುವೆಯ ದಿನ ಅಲ್ಲಿದ್ದವರೇ ಆಗಬೇಕು,” ಎಂದಳು ದಮಯಂತಿ. “ಎರಡು ಮನೆಯವರು ಮಾತ್ರ. ದುಗ್ಗಮ್ಮ, ಮುಖ ಕಾಣಲಿಲ್ಲ ಸರಿ. ಸ್ವರ?”

ದುಗ್ಗಮ್ಮ ಕುತ್ತಿಗೆಯ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದಳು.

“ಮದುವೆಯಾಗಿ ಬಂದಂದಿನಿಂದ ಕೇಳಿದ ಸ್ವರ. ಅದನ್ನು ಹೇಗೆ ಮರೆಯುದು?”

ಚಾವಡಿಯ ಗೋಡೆಯಲ್ಲಿ ಮಾಯಿಲಪ್ಪ ಗೌಡರ ಪಟ ಇತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

“ಅವರು ಪುತ್ತೂರಿಗೆ ಅಂತ ಹೇಳಿ ಹೋದವರು. ದಿನಾ ಹೋಗುದು ಆ ಚಿತ್ರದ ಕೊನೆ ನೋಡ್ಲಿಕ್ಕೆ ಅಂತ ನನಗೆ ಗೊತ್ತಿರ್ಲಿಲ್ಲ. ಯಾರಿಗೂ ಕಾಣದ ಹಾಗೆ ಅವರೂ ಹಿಂದಿನ ಬಟ್ಟೆ ಎತ್ತಿಯೇ ಒಳಗೆ ಹೋಗಿರ್ಬೇಕು. ಮನೆಗೆ ಬಂದ್ರು, ಕೈಕಾಲು ತೊಳೆದ್ರು, ಉಂಡ್ರು. ನಾನು ಬಡಿಸಿದೆ. ಅಲ್ಲಿ ನಿಂತಿದ್ದದ್ದು ನಾನು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಭಾಗೀರಥಿಯೇ ಬಂದದ್ದು ಅಂತ ನಂಬಿದ್ದಾರೆ. ರಾತ್ರಿ ಎದ್ದು ಕೂತುಕೊಳ್ತಾರೆ. ನಾನು ನಿದ್ದೆ ಬಂದವಳ ಹಾಗೆ ಮಲಗ್ತೇನೆ. ಹೇಳಿದ್ರೆ ಗಂಡನನ್ನು ಕೊಟ್ಟ ಹಾಗೆ, ಹೇಳದಿದ್ರೆ ಆ ಬ್ಯಾರಿ ಹುಡುಗನನ್ನು ಕೊಟ್ಟ ಹಾಗೆ. ನೀವು ವಕೀಲರಲ್ವಾ? ಹೇಳಿ, ನಾನು ಎಂತ ಮಾಡ್ಬೇಕಿತ್ತು?”

ಅಬೂಬಕರ್ ಉಳಿಯಬೇಕಾದರೆ ಈ ಮಾತುಗಳನ್ನು ಈ ಹೆಂಗಸು ಸೋಮವಾರ ಎಲ್ಲರೆದುರು ಹೇಳಬೇಕಿತ್ತು. ಇಲ್ಲವೇ ಸೇವಂತಿ ಬಾಯಿ ಬಿಡಬೇಕಿತ್ತು. ಮೂರನೆಯ ದಾರಿಯಿರಲಿಲ್ಲ.

“ನೀವು ಬಂದು ಹೇಳ್ತೀರಾ?”

ದುಗ್ಗಮ್ಮ ತಲೆಯಾಡಿಸಿದಳು. ಹೌದೆಂದು.

“ಮಾತು ಬಾರದ ಮಗುವಿನ ಮೇಲೆ ಯಾಕೆ ಭಾರ ಹಾಕುದು? ನಾನೇ ಹೇಳ್ತೇನೆ. ಅವರೂ ಒಳಗಿಂದ ಬೆಂದಿದ್ದಾರೆ. ಇವತ್ತು ಬೆಳಿಗ್ಗೆ ಎದ್ದವರೇ, ‘ಸೇವಂತಿಯನ್ನು ಮಂಗಳೂರಿನ ಡಾಕ್ಟ್ರಿಗೆ ತೋರಿಸ್ತೇನೆ, ಅವಳಿಗೆ ಮಾತು ಬಂದ್ರೆ ಎಲ್ಲ ಸರಿಯಾಗ್ತದೆ’ ಅಂತ ಒಂದೇ ಹಟ. ನೀವು ಬರುವ ಸ್ವಲ್ಪ ಮೊದಲು ಜೀಪಿನಲ್ಲಿ ಕುಂಬ್ರಕ್ಕೆ ಹೊರಟದ್ದು.”

ದಮಯಂತಿ ಎದ್ದು ನಿಂತಿದ್ದಳು. ತನ್ನ ಬಾಯಿಂದ ಬಿದ್ದ ಮಾತನ್ನು ಕೇಳಿಸಿಕೊಂಡದ್ದು ಆ ಮಗು ಒಂದೇ ಎಂದು ಗೌಡರಿಗೆ ಗೊತ್ತು. ತಾನು ಬಂದ ಬಸ್ಸಿಗೆ ಎದುರಾಗಿ, ಜಾಲ್ಸೂರಿನ ಇಳಿಜಾರಿನಲ್ಲಿ, ದೂಳೆಬ್ಬಿಸಿಕೊಂಡು ಹೋದ ಒಂದು ಜೀಪು ನೆನಪಾಯಿತು.

“ಪೂವಕ್ಕನೂ ಜೊತೆಗೆ ಹೋಗ್ತಾಳಲ್ಲ?” ಎಂದು ಕೇಳಿದಳು. “ತಾಯಿ ಇಲ್ಲದೆ ಮಗುವನ್ನು ಕಳಿಸುವುದಿಲ್ಲ ಅಲ್ಲವೇ?”

“ಅವಳಿಗೆ ಭತ್ತದ ಕೆಲಸ ಉಂಟು, ತೊಂದರೆ ಕೊಡುದು ಬೇಡ ಅಂದ್ರು ಇವರು. ಬೀಗರ ಮೇಲೆ ಅವಳಿಗೆ ದೇವರಷ್ಟು ನಂಬಿಕೆ, ಕಳಿಸದೆ ಇರ್ತಾಳಾ?” ಹೇಳುತ್ತ ಹೇಳುತ್ತಲೇ ದುಗ್ಗಮ್ಮ ಮಾತು ನಿಲ್ಲಿಸಿದಳು. 

ತಾನು ಏನು ಹೇಳುತ್ತಿದ್ದೇನೆಂದು ಅವಳಿಗೆ ಆಗಷ್ಟೇ ಕೇಳಿಸಿದ ಹಾಗಿತ್ತು. ಕೈ ಕರಿಮಣಿಯನ್ನು ಬಿಟ್ಟು ಬಾಯಿ ಮುಚ್ಚಿತು.

“ಅಕ್ಕಾ,” ಎಂದಳು ಬೆರಳುಗಳ ಸಂದಿನಿಂದ, “ದಾರಿಯಲ್ಲಿ ಮಗುವಿಗೆ ಹಸಿವಾಗ್ತದೆ ಅಂತ ಹಾಲು ಕಾಯಿಸಿ ಕೊಟ್ಟು ಕಳಿಸಿದ್ದು ನಾನೇ.”